ಅರವತ್ತು ಸೆಕೆಂಡು

ಮಾರ್ಚ್ ೧೪, ಗುರುವಾರ

ಇವತ್ತು ನಾನು ಮಾಡಿದ್ದನ್ನು ಅಣ್ಣನಿಗೂ ಹೇಳಲಾರೆ.

ಬೆಳಿಗ್ಗೆ ಲ್ಯಾಬಿನಲ್ಲಿ ಎಲ್ಲರೂ ಕುಣಿದಾಡಿದೆವು. ನರ ಬೆಳೆಸುವ ಪ್ರೋಟೀನನ್ನು ನ್ಯಾನೋ ಕಣಗಳಲ್ಲಿ ತುಂಬಿ, ಮೂರು ವಾರದಿಂದ ಇಲಿಗಳ ಮೂಗಿನ ಮೂಲಕ ಮಿದುಳಿಗೆ ಕಳಿಸುತ್ತಿದ್ದೆವು. ಮರೆವಿನ ಕಾಯಿಲೆಯ ಇಲಿ, ನಮ್ಮ ‘ಮುದುಕಪ್ಪ’, ತೊಟ್ಟಿಯ ನೀರಿನಡಿ ಅಡಗಿಸಿಟ್ಟ ಪುಟ್ಟ ಕಟ್ಟೆಯನ್ನು ಹನ್ನೊಂದೇ ಸೆಕೆಂಡಿನಲ್ಲಿ ಈಜಿ ಹುಡುಕಿಕೊಂಡಿತು.

“ಮನುಷ್ಯರಿಗೆ ಯಾವಾಗ ಸರ್?” ಅಂದೆ.

“ಹತ್ತು ವರ್ಷನಾದ್ರೂ ಬೇಕಮ್ಮ,” ಅಂದರು ಪ್ರೊಫೆಸರ್.

ಅಮ್ಮನ ಮರೆವು ಅಲ್ಲಿಯವರೆಗೆ ಕಾದೀತೆ?

ಸಂಜೆ ಅಮ್ಮ ಬಚ್ಚಲುಮನೆ ಹುಡುಕುತ್ತಾ ಎದ್ದಳು. ನನ್ನ ಕೈ ತಾನಾಗಿಯೇ ಸ್ಟಾಪ್‌ವಾಚ್ ಒತ್ತಿತು. ಅವಳು ಅಡುಗೆಮನೆಯ ಬಾಗಿಲು ತೆರೆದಳು, ಕಪಾಟು ತೆರೆದಳು, ಮತ್ತೆ ಅಡುಗೆಮನೆಗೇ ಹೋದಳು. ನಾನು ತುಟಿಪಿಟಕ್ಕೆನ್ನಲಿಲ್ಲ, ಸುಳಿವು ಕೊಟ್ಟರೆ ಪರೀಕ್ಷೆ ಕೆಡುತ್ತದಲ್ಲ! ಕೊನೆಗೆ ಕಪಾಟಿನ ಮುಂದೆಯೇ ಬಟ್ಟೆ ಒದ್ದೆಯಾಯಿತು.

“ಬೈಬೇಡಕ್ಕಾ,” ಅಂದಳು, ಹೆತ್ತ ಮಗಳಿಗೆ.

ತೊಳೆದು, ಬಟ್ಟೆ ಬದಲಿಸಿ, ಮಲಗಿಸಿ ಬಂದು ನೋಡಿದರೆ ಸ್ಟಾಪ್‌ವಾಚ್ ಇನ್ನೂ ಓಡುತ್ತಲೇ ಇತ್ತು.

ಅರವತ್ತು ಸೆಕೆಂಡಾದ ಮೇಲೆ ಇಲಿಯನ್ನು ಕೂಡ ನಾವು ಈಜಲು ಬಿಡುವುದಿಲ್ಲ. ನಿಯಮವೇ ಹಾಗಿದೆ. ಅಂಗೈಯಲ್ಲಿ ಎತ್ತಿ, ಮೆಲ್ಲಗೆ, ನಾವೇ ಕಟ್ಟೆಯ ಮೇಲೆ…