ಬೀಗದೊಳಗಿನ ದಶಮೂಲಾರಿಷ್ಟ

ಲಿಂಗಂಪಲ್ಲಿ, ಹೈದರಾಬಾದ್

ಅಮೀರ್‌ಪೇಟ್‌ನ ಮಹಿಳಾ ಹಾಸ್ಟೆಲಿನ ಒಡತಿ ಬಂಡೆಮ್ಮನವರಿಗೆ,

ನನ್ನ ಪೂರ್ಣ ಹೆಸರು ಗುರುದೇವಿ ಹಣಮಂತರಾಯ ಮಾಲಿಪಾಟೀಲ. ಈ ಊರಿನ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಮೂವತ್ತಮೂರು ವರ್ಷ ಸೇವೆ ಸಲ್ಲಿಸಿ ನಿವೃತ್ತಳಾದವಳು. ನಿಮ್ಮ ಪಾಲಿಗೆ ನಾನು ಬರೀ ‘ಸ್ನೇಹಾನ ಅವ್ವ’. ಆದ್ದರಿಂದಲೇ ಇಷ್ಟನ್ನು ಮೊದಲು ಬರೆದೆ.

ನನ್ನ ಮಗಳು ಸ್ನೇಹಲತಾ ಕುಡಿಯುತ್ತಿದ್ದಳೆಂಬುದು ನಮ್ಮ ಬಂಧುಗಳಾರಿಗೂ ಇಂದಿಗೂ ತಿಳಿಯದು. ಗದರಿಸಿದೆ, ಆಣೆ ಹಾಕಿಸಿದೆ, ಮಾತು ಬಿಟ್ಟೆ. ಕೈಯಲ್ಲಿ ಬೆತ್ತ ಹಿಡಿಯದೆ ಒಂದು ತರಗತಿಯನ್ನು ಕಣ್ಣಿನಿಂದಲೇ ನಿಲ್ಲಿಸುತ್ತಿದ್ದವಳಿಗೆ ಮನೆಯೊಳಗಿನ ಒಬ್ಬಳನ್ನು ನಿಲ್ಲಿಸಲಾಗಲಿಲ್ಲ. ಚಿಕಿತ್ಸಾ ಕೇಂದ್ರದಿಂದ ಬಂದ ಮೇಲೆ ಅವಳು ಕುಡಿತ ಬಿಟ್ಟವರ ಭಾನುವಾರದ ಸಭೆಗೆ ಹೋದಳು. ಅಲ್ಲಿ ನೀವು ಸಿಕ್ಕಿರಿ. ನೀವೂ ಒಂದು ಕಾಲಕ್ಕೆ ಕುಡಿದವರು, ಈಗ ಬಿಟ್ಟವರು. ಅಂದಿನಿಂದ ನೀವೇ ಅವಳ ಆಸರೆ.

ಸಂಜೆ ದೀಪ ಹಚ್ಚುವ ಹೊತ್ತು ಅವಳಿಗೆ ಕಷ್ಟದ ಹೊತ್ತು. ನಾನು ಅಡುಗೆಮನೆಯಲ್ಲೇ ಇರುತ್ತೇನೆ. ಆದರೂ ಅವಳು ನನ್ನನ್ನು ದಾಟಿ ಬಾಲ್ಕನಿಗೆ ಹೋಗಿ ನಿಮಗೆ ಫೋನು ಮಾಡುತ್ತಾಳೆ. ಒಮ್ಮೆ ಸ್ಪೀಕರಿನಲ್ಲಿ ನಿಮ್ಮ ಮಾತು ಕೇಳಿಸಿತು: “ಏನವಾ, ನಾಲಿಗಿ ಒಣಗಾಕತ್ತೈತೇನು? ಒಂದು ಚಾ ಮಾಡ್ಕೊ, ಸಕ್ರಿ ಭಾಳ ಹಾಕು. ಇವತ್ತೊಂದಿನ ಬ್ಯಾಡ. ಕುಡಿಯೂದಿದ್ರ ನಾಳಿ ಇಬ್ರೂ ಕೂಡೇ ಕುಡಿಯೂಣು. ಆ ನಾಳಿ ಬರಾಕ ನಾ ಬಿಡಂಗಿಲ್ಲ, ಆ ಮಾತು ಬ್ಯಾರೆ!” ಅದಕ್ಕೆ ನನ್ನ ಮಗಳು ನಕ್ಕಳು. ಎಷ್ಟೋ ವರ್ಷ ಈ ಮನೆಯಲ್ಲಿ ಇಲ್ಲದಿದ್ದ ನಗು ಅದು. ಮರಳಿ ಬಂದದ್ದು ನಿಮ್ಮ ಕಿವಿಗೆ. ಒಲೆಯ ಮೇಲಿನ ರೊಟ್ಟಿ ಸೀದುಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಆ ದಿನ ಅವಳ ಚಹಾಕ್ಕೆ ಬೇಕೆಂದೇ ಸಕ್ಕರೆ ಕಡಿಮೆ ಹಾಕಿದೆ.

ಹೋದ ತಿಂಗಳು ಅವಳಿಗೆ ಜ್ವರ ಬಂತು. ಮೈಯಲ್ಲಿ ತ್ರಾಣವಿರಲಿಲ್ಲ. ಬಾಣಂತನದಲ್ಲಿ ನನ್ನ ತಾಯಿ ನನಗೆ ಕುಡಿಸಿದ್ದ ದಶಮೂಲಾರಿಷ್ಟವನ್ನೇ ತಂದು, ಅಷ್ಟೇ ನೀರು ಬೆರೆಸಿ, ಬಟ್ಟಲಲ್ಲಿ ಕೊಟ್ಟೆ. ಹುದುಗು ಬಂದ ಔಷಧಿಯಲ್ಲಿ ಮದ್ಯದ ಅಂಶ ಇರುತ್ತದೆಂದು ನನಗೆ ಗೊತ್ತಿತ್ತು. ಆದರೆ ತಾಯಿ ಕೈಯಿಂದ ಕೊಟ್ಟದ್ದು ಔಷಧಿಯೇ ಹೊರತು ಬೇರೆಯಾಗಲಾರದೆಂದು ನಂಬಿದ್ದೆ. ಅವಳು ಮೂಸಿ ನೋಡಿದಳು. “ಅವ್ವಾ, ಇದರಾಗ ಅದು ಐತಿ.” “ನಾ ಕೊಟ್ಟದ್ದು ನಿನಗ ವಿಷ ಆಗತೈತೇನು? ಕುಡಿ,” ಎಂದೆ. ಅವಳು ಬಟ್ಟಲನ್ನು ನೆಲಕ್ಕಿಟ್ಟು, ಜ್ವರದ ಮೈಯಲ್ಲೇ ಎದ್ದು ಬಾಲ್ಕನಿಗೆ ಹೋದಳು.

ಆಮೇಲೆ ಅದೇ ಫೋನಿನಲ್ಲಿ ನೀವು ನನ್ನೊಡನೆ ಮಾತನಾಡಿದಿರಿ. “ಟೀಚರಬಾಯಿ, ನಿಮ್ಮ ಮ್ಯಾಲ ಸಿಟ್ಟಿಲ್ರಿ. ಆದ್ರ ಆ ಬಾಟ್ಲಿ ಇವತ್ತ ಚೆಲ್ಲಿಬಿಡ್ರಿ. ನಮ್ಮಂಥವರಿಗಿ ವಾಸನಿ ಸಾಕ್ರಿ.” ಇದೇ ಮಾತನ್ನು ವೈದ್ಯರು ಹೇಳಿದ್ದರೆ ಆ ಕ್ಷಣವೇ ಚೆಲ್ಲುತ್ತಿದ್ದೆ. ಹೇಳಿದವರು ನೀವಾದ್ದರಿಂದ ಚೆಲ್ಲಲಿಲ್ಲ. ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನನ್ನ ಮನೆಯಲ್ಲಿ ಏನಿರಬೇಕೆಂದು ಅಮೀರ್‌ಪೇಟ್‌ನಿಂದ ಅಪ್ಪಣೆಯಾಗುವುದು ನನಗೆ ಸಮ್ಮತವಿರಲಿಲ್ಲ.

ಮಗಳು ಆ ಕಪಾಟಿನ ಮುಂದೆ ಹಾಯುವಾಗ ಗೋಡೆಯ ಕಡೆ ಮುಖ ತಿರುಗಿಸತೊಡಗಿದಳು. ನಾನು ಅದನ್ನು ಮೊಂಡುತನವೆಂದೇ ಎಣಿಸಿದೆ. ಒಂದು ಮಧ್ಯಾಹ್ನ ಸಂತೆಯಿಂದ ಬಂದಾಗ ಅವಳು ಕಪಾಟಿನ ಎದುರು ನೆಲದ ಮೇಲೆ ಕುಳಿತಿದ್ದಳು. ಕೈಯಲ್ಲಿ ಇಕ್ಕಳ. ಬೀಗ ಹಾಗೆಯೇ ಇತ್ತು. “ಒಡೀಲಿಲ್ಲವ್ವಾ. ಆದ್ರ ಅದು ಒಳಗ ಕುಂತು ನನ್ನ ಹೆಸರು ಹಿಡದು ಕರಿಯಾಕತ್ತೈತಿ,” ಎಂದಳು. ಅವಳ ಎದುರಿಗೇ ಬಾಟಲಿಯನ್ನು ಮೋರಿಗೆ ಸುರಿದೆ. ಆ ವಾಸನೆ ಹೋಗಲೆಂದು ಬಕೆಟ್ಟುಗಟ್ಟಲೆ ನೀರು ಹೊಯ್ದೆ. ಆದರೆ ಅಷ್ಟರಲ್ಲಿ ಅವಳು ನಿಶ್ಚಯಿಸಿಯಾಗಿತ್ತು. “ನಿನ್ನ ಮುಂದ ನಾ ದಿನಾ ಪರೀಕ್ಷಾ ಬರದಂಗ ಇರತೈತಿ. ಬಂಡೆಮ್ಮಕ್ಕನ ಹಾಸ್ಟೆಲ್ಲಿನಾಗ ನನ್ನಂಗ ನಪಾಸಾದವರು ಅದಾರ. ಅವರ ನಡುವ ಉಸರಾಡತೀನಿ. ಕೆಲವು ತಿಂಗಳು ಕಳಸವ್ವಾ.”

‘ನನ್ನ ಮಗಳ ಫೋನು ಇನ್ನು ಎತ್ತಬೇಡಿ’ ಎಂದು ಬರೆಯಲೆಂದೇ ಈ ಹಾಳೆ ತೆಗೆದಿದ್ದೆ. ಆದರೆ ಆ ಇಕ್ಕಳ ಕಣ್ಣಿಗೆ ಕಟ್ಟಿದೆ. ಇಕ್ಕಳ ಹಿಡಿದಿದ್ದವಳನ್ನು ಬೀಗ ಒಡೆಯದಂತೆ ತಡೆದು ಕೂರಿಸಿದ್ದು ಯಾವುದೋ, ಅದನ್ನು ಅವಳು ನನ್ನಿಂದ ಕಲಿತದ್ದಲ್ಲ. ಕಲಿಸಿದವರು ನೀವು. ಇದನ್ನು ಬರೆಯುವಾಗ ಎದೆ ಉರಿಯುತ್ತದೆ, ಉರಿಯಲಿ. ನಾನು ಹೆತ್ತೆ, ಓದಿಸಿದೆ, ಕಾದೆ. ನೀವು ಕುಡಿದಿದ್ದಿರಿ. ಅವಳಿಗೆ ಬೇಕಾದದ್ದರಲ್ಲಿ ನಿಮ್ಮ ಬಳಿ ಇದ್ದು ನನ್ನ ಬಳಿ ಇಲ್ಲದಿರುವುದು ಅದೊಂದೇ. ಇಂಥದಕ್ಕೂ ಮತ್ಸರಪಡುವ ಕಾಲ ನನಗೆ ಬಂತು.

ಆದ್ದರಿಂದ ಸೋಮವಾರ ಅವಳನ್ನು ಕಳಿಸುತ್ತಿದ್ದೇನೆ. ನಾನು ಲಿಂಗಂಪಲ್ಲಿ ಸ್ಟೇಷನ್ನಿನವರೆಗೆ ಬರುತ್ತೇನೆ, ಮುಂದಕ್ಕೆ ಬರುವುದಿಲ್ಲ. ಹಸಿವಾದರೂ ಅವಳು ಬಾಯಿಬಿಟ್ಟು ಕೇಳುವವಳಲ್ಲ, ಗಮನಿಸಿ. ನಿಮ್ಮ ಮನಸ್ಸು ನೋಯದಿರಲೆಂದು ಬದನೆಕಾಯಿ ಇಷ್ಟವೆಂದು ಹೇಳಿಯಾಳು, ನಂಬಬೇಡಿ. ಅವಳಿಗೆ ಯಾವುದು ಇಷ್ಟವೆಂಬುದನ್ನು ನಾನು ಹೇಳುವುದಿಲ್ಲ. ಅಷ್ಟಾದರೂ ನನ್ನಲ್ಲಿ ಉಳಿಯಲಿ. ಅವಳ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿ.

ನಿಮ್ಮ ನಾಲಗೆಯೂ ಅವಳ ನಾಲಗೆಯೂ ಇವತ್ತಿನ ದಿನವನ್ನು ಗೆಲ್ಲಲಿ ಎಂದು ಹರಸುತ್ತೇನೆ. ಹಿರಿಯಳಾಗಿ ಆ ಹಕ್ಕು ನನಗಿದೆ.

ಇಂತು,
ಗುರುದೇವಿ ಹ. ಮಾಲಿಪಾಟೀಲ

ಲಗತ್ತುಗಳು:
೧. ಹಾಸ್ಟೆಲಿಗೆ ಬೇಕೆಂದಿದ್ದ ಆಧಾರ್ ಪ್ರತಿ.
೨. ಭಾವಚಿತ್ರ ಎರಡು. ಎರಡರಲ್ಲೂ ನಕ್ಕಿಲ್ಲ, ನಿಮ್ಮಲ್ಲಿ ಹೊಸದು ತೆಗೆಸಿ.
೩. ಚಿಕಿತ್ಸಾ ಕೇಂದ್ರದ ಪತ್ರ.
೪. ಮಕ್ಕಳು ಶಾಲೆ ಬದಲಿಸುವಾಗ ನಾವು ಬರೆದುಕೊಡುತ್ತಿದ್ದ ಮಾದರಿಯಲ್ಲೇ, ನನ್ನ ಕೈಬರಹದ ವರ್ಗಾವಣೆ ಪ್ರಮಾಣಪತ್ರ. ವಿದ್ಯಾರ್ಥಿನಿ: ಸ್ನೇಹಲತಾ. ನಡತೆ: ಉತ್ತಮ. ಬಿಡಲು ಕಾರಣ: ತಾಯಿಯ ಕೋರಿಕೆ.