ಅತ್ತೆಯ ಮಂಡಿನೋವು

ಪ್ರೀತಿಯ ಅತ್ತೆಗೆ,

ನೀವಿದ್ದಾಗ ಎದುರು ಕೂತು ಮಾತಾಡಲಾಗದ ವಿಷಯ ಇದು. ಈಗ ಬೈದರೂ ನನಗೆ ಕೇಳಿಸುವುದಿಲ್ಲ ಅನ್ನುವ ಧೈರ್ಯದಿಂದ ಬರೆಯುತ್ತಿದ್ದೇನೆ.

ನಿಮ್ಮ ಮುಟ್ಟು ನಿಂತ ವರ್ಷ ನೆನಪಿದೆಯಾ? ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿ, "ಇನ್ಮೇಲೆ ಈ ಅಟ್ಟ ತಿಂಗಳು ಪೂರ್ತಿ ನಂದೇ ಕಣೇ" ಅಂದಿದ್ದಿರಿ. ಮುಟ್ಟಾದವರು ತೆಂಗಿನಕಾಯಿ ಒಣಗಿಸುವ ಕೊಬ್ಬರಿ ಅಟ್ಟ ಹತ್ತಿದರೆ ಕಾಯಿ ಕೊಳೆಯುತ್ತದೆ ಅನ್ನುವುದು ನಮ್ಮ ಮನೆಯ ಕಟ್ಟಳೆ. ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೊಬ್ಬರಿ ಆಗಿದೆಯೋ ಕೊಳೆತಿದೆಯೋ ಹೇಳಿಬಿಡುತ್ತಿದ್ದಿರಿ. ಆ ವಿದ್ಯೆ ನನಗೆ ಇವತ್ತಿಗೂ ಬಂದಿಲ್ಲ.

ಐದಾರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಏಣಿಯ ಬುಡದಲ್ಲೇ ನಿಂತುಬಿಟ್ಟಿರಿ. "ಮಂಡಿ ನೋವು ಕಣೇ, ಹತ್ತಾಕಾಗಲ್ಲ ಬುಡು. ನೀನೇ ಹತ್ತು." ನಾನು ಪೆದ್ದಿ, ದಿನಾ ಸಂಜೆ ನಿಮ್ಮ ಮಂಡಿಗೆ ಕೊಬ್ಬರಿ ಎಣ್ಣೆ ತಿಕ್ಕಿದೆ. ನೀವೂ ಕಾಲು ಚಾಚಿ ಹಾಯಾಗಿ ತಿಕ್ಕಿಸಿಕೊಂಡಿರಿ! ಮೈಯಲ್ಲಿ ಉಷ್ಣ ಅಂತ ದಿನಕ್ಕೆರಡು ಎಳನೀರು ಬೇರೆ.

ಬಾವಿಯ ಹತ್ತಿರ ತಲೆಸುತ್ತಿ ಬಿದ್ದ ಮೇಲೆ ತಾನೇ ತಿಪಟೂರಿಗೆ ಕರೆದುಕೊಂಡು ಹೋಗಿದ್ದು? ಎಷ್ಟು ದಿನದಿಂದ ರಕ್ತ ಹೋಗುತ್ತಿದೆ ಅಂತ ಡಾಕ್ಟರಮ್ಮ ಕೇಳಿದಾಗ ಬೆರಳು ಮಡಚಿ ಎಣಿಸಿದಿರಿ. ಎಂಟು ತಿಂಗಳು, ಮಂಡಿನೋವು ಅಂದ ದಿನದಿಂದ. "ಮತ್ತೆ ಮುಟ್ಟು ಶುರುವಾಯ್ತು ಅನ್ಕಂಡೆ ಕಣವ್ವಾ. ಈ ವಯಸ್ಸಲ್ಲಿ ಯಾರತ್ರ ಹೇಳ್ಕಳ್ಳದು?" ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಮುಟ್ಟು ನಿಂತು ಒಂದು ವರ್ಷ ಆದ್ಮೇಲೆ ಒಂದು ತೊಟ್ಟು ಕಂಡ್ರೂ ಬಂದುಬಿಡಿ. ನೋವಿಲ್ದಿದ್ರೂ ಬನ್ನಿ" ಅಂದರು. ಗರ್ಭಕೋಶದ ಕ್ಯಾನ್ಸರ್, ಆಗಲೇ ಕೈಮೀರಿತ್ತು. ಮುಂದಿನ ಯುಗಾದಿಗೆ ನೀವಿರಲಿಲ್ಲ. ನನಗೊಂದು ಮಾತು ಹೇಳಿದ್ದರೆ... ಅಷ್ಟೂ ಸಲುಗೆ ಇರಲಿಲ್ಲವೇ ನಮ್ಮಲ್ಲಿ? ಅದೊಂದಕ್ಕೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ.

ಹೋದ ಶ್ರಾವಣದಲ್ಲಿ, ನನ್ನ ಮುಟ್ಟು ನಿಂತ ಮೂರನೇ ವರ್ಷ, ನನಗೂ ಸೀರೆಯಲ್ಲಿ ಕಲೆ ಕಂಡಿತು. ಏಣಿಗೆ ಇಟ್ಟ ಕಾಲು ತಾನಾಗಿ ಕೆಳಗಿಳಿಯಿತು. ಯಾಕೆ ಅಂದರು ನಿಮ್ಮ ಮಗ. "ಮಂಡಿ..." ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು, ಅತ್ತೆ. ನುಂಗಿಕೊಂಡೆ. "ರಕ್ತ ಕಾಣಿಸ್ಕಂಡಿದೆ ಕಣ್ರೀ, ಆಸ್ಪತ್ರೆಗೆ ಹೋಗಣ" ಅಂದೆ. ಪಾಪ, ಕಿವಿಯೆಲ್ಲ ಕೆಂಪಾಗಿ, ಚಪ್ಪಲಿ ಅದಲುಬದಲು ಹಾಕಿಕೊಂಡು ಬೈಕ್ ತೆಗೆದರು. ಅದೇ ಡಾಕ್ಟರಮ್ಮ, ನಿಮ್ಮದೇ ಕಾಯಿಲೆ. ಆದರೆ ಶುರುವಿನಲ್ಲೇ ಸಿಕ್ಕಿತು. ಗರ್ಭಕೋಶ ತೆಗೆದರು. ಆಗಾಗ ತೋರಿಸಿಕೊಂಡರೆ ಸಾಕಂತೆ.

ನಾನು ಭಾರ ಎತ್ತುವಂತಿಲ್ಲ ಅಂತ ಈಗ ನಿಮ್ಮ ಮೊಮ್ಮಗಳೇ ಅಟ್ಟ ಹತ್ತುತ್ತಾಳೆ. ಮೊನ್ನೆ ಮೇಲಿನಿಂದ ಕೂಗಿದಳು: "ಅಮ್ಮಾ, ನಾನಿವತ್ತು ಮುಟ್ಟು. ಇಳೀಲಾ?" ಗೋಡೆಯ ಮೇಲಿನ ನಿಮ್ಮ ಫೋಟೋ ಕಡೆ ಒಮ್ಮೆ ನೋಡಿದೆ. "ಹೊಟ್ಟೆ ನೋವಿದ್ರೆ ಇಳಿ. ಇಲ್ದಿದ್ರೆ ಕಾಯಿ ಅಲ್ಲಾಡಿಸಿ ನೋಡು" ಅಂದೆ. ಅವಳ ಕಿವಿ ಥೇಟ್ ನಿಮ್ಮದೇ. ಬೈಯಬೇಡಿ ಅತ್ತೆ, ಈ ಸಲದ ಕೊಬ್ಬರಿ ಬೆಳ್ಳಗೆ ಬಂದಿದೆ. ಈ ಮನೆಯಲ್ಲಿ ಇನ್ನು ಯಾರಿಗೂ ಸುಳ್ಳು ಮಂಡಿನೋವು ಬರುವುದಿಲ್ಲ.

ನಿಮ್ಮ ಸೊಸೆ