ತಕಯಾಮಾಕ್ಕೆ ಎರಡು ದಿನದ ಭೇಟಿ

ಕ್ಯೋತೊ
೨೦೨೫, ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ವಾಕನಾ,

ಇಲ್ಲಿ ಬೆಳಗಿನ ಗಾಳಿಗೆ ಈಗಷ್ಟೇ ಚಳಿಯ ಮೊನೆ ಮೂಡಿದೆ. ನಿಮ್ಮಲ್ಲಿ ಇಷ್ಟು ಹೊತ್ತಿಗೆ ದೂರದ ಶಿಖರಗಳು ಬೆಳ್ಳಗಾಗುತ್ತಿರಬೇಕು. ಉಪ್ಪಿನಕಾಯಿ ಹಾಕುವ ಮರದ ತೊಟ್ಟಿಗಳನ್ನು ನಿಮ್ಮಮ್ಮ ತೊಳೆದು, ಬಿಸಿಲಿಗೆ ಬೋರಲು ಹಾಕಿರಬೇಕು. ಅವರ ಮೊಣಕಾಲು ಈ ವರ್ಷ ಹೇಗಿದೆ? ತೊಟ್ಟಿಯ ಮೇಲಿನ ಕಲ್ಲುಗಳನ್ನು ಈಗಲೂ ಅವರೇ ಎತ್ತುತ್ತಾರೆಯೇ, ಅಥವಾ ಆ ಕೆಲಸ ನಿನಗೆ ಬಂದಿದೆಯೇ?

ಮೊದಲು ಕ್ಷಮೆ ಕೇಳಬೇಕು. ಎರಡೂವರೆ ವರ್ಷಗಳಲ್ಲಿ ನೀನು ಬರೆದ ನಾಲ್ಕು ಕಾಗದಗಳಲ್ಲಿ ಒಂದಕ್ಕೂ ನಾನು ಉತ್ತರ ಬರೆಯಲಿಲ್ಲ. ಪರೀಕ್ಷೆಗಳಿದ್ದವು, ಕಟ್ಟಡಗಳ ನಕ್ಷೆಗಳನ್ನು ಒಪ್ಪಿಸಬೇಕಿತ್ತು ಎಂದು ಬರೆಯಬಹುದು; ಎರಡೂ ನಿಜ. ಆದರೆ ಪರೀಕ್ಷೆಯ ಹಿಂದಿನ ದಿನವೂ ಪುಸ್ತಕ ಮುಚ್ಚಿ ನಿನ್ನೊಡನೆ ಸಿನಿಮಾ ನೋಡಿದವಳು ನಾನು. ಆ ಕಾರಣಗಳನ್ನು ನಿನ್ನ ಮುಂದೆ ಇಡುವುದು ನಾಚಿಕೆಗೇಡು. ಫೋನಿನಲ್ಲಿ ನಾಲ್ಕು ಸಾಲು ಬರೆಯಬಹುದಿತ್ತು. ಅಲ್ಲಿ ನೀನು ಓದಿದ ಕೂಡಲೇ ಓದಿದ ಗುರುತು ಬೀಳುತ್ತದೆ. ಗುರುತು ಬಿದ್ದ ಮೇಲೂ ನೀನು ಸುಮ್ಮನಿದ್ದರೆ, ಆ ಮೌನವನ್ನು ನೋಡುತ್ತ ಕೂರುವ ಧೈರ್ಯ ನನಗಿಲ್ಲ.

ಈಗ ಸುದ್ದಿ. ನವೆಂಬರ್ ಎಂಟು ಮತ್ತು ಒಂಬತ್ತರಂದು ನಮ್ಮ ಪ್ರೊಫೆಸರ್ ಒರಿಹಾಶಿಯವರು ಆರು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ತಕಯಾಮಾಕ್ಕೆ ಬರುತ್ತಿದ್ದಾರೆ. ಹಳೆಯ ವರ್ತಕರ ಮನೆಗಳ ತೊಲೆಗಳನ್ನು ಅಳೆದು ಬರೆದುಕೊಳ್ಳುವ ಕೆಲಸ. ಅಪ್ಪನಿಗೆ ಗಿಫುಗೆ ವರ್ಗವಾದಂದಿನಿಂದ ನಾನು ಆ ಕಡೆಗೆ ತಲೆಹಾಕಿಲ್ಲವಾದರೂ, ಊರಿನವಳೆಂಬ ಕಾರಣಕ್ಕೆ ಕಾರ್ಯಕ್ರಮ ಹಾಕುವ ಹೊಣೆ ನನ್ನ ಮೇಲೆ ಬಿತ್ತು.

ಇಂಥ ಕೆಲಸದಲ್ಲಿ ನನ್ನನ್ನು ಮೀರಿಸುವವರು ಈ ತರಗತಿಯಲ್ಲಿಲ್ಲ. ಇದನ್ನು ಜಂಬವೆಂದರೂ ನನಗೆ ಅಭ್ಯಂತರವಿಲ್ಲ; ನನ್ನ ಜಂಬವನ್ನು ಚಿಕ್ಕಂದಿನಿಂದ ಸಹಿಸಿಕೊಂಡವಳು ನೀನು. ಶನಿವಾರ ಮಧ್ಯಾಹ್ನ ರೈಲಿನಿಂದ ಇಳಿಯುವುದು, ನಿಲ್ದಾಣದ ಬಳಿ ನೂಡಲ್ಸ್ ತಿನ್ನುವುದು, ಒಂದೂವರೆಗೆ ಹಳೆಯ ಆಡಳಿತ ಕಚೇರಿ, ಮೂರೂವರೆಗೆ ಗುಡ್ಡದ ಮೇಲಿನ ದೇವಾಲಯಗಳು. ಭಾನುವಾರ ಬೆಳಗ್ಗೆ ಏಳಕ್ಕೆ ಸಂತೆ. ಹೊಳೆಯ ದಂಡೆಯ ಸಂತೆಯಲ್ಲ, ಆಡಳಿತ ಕಚೇರಿಯ ಮುಂದಿನದು. ಆಮೇಲೆ ಉತ್ತರದ ಕೇರಿಯ ಎರಡು ಮನೆಗಳು, ಮಧ್ಯಾಹ್ನದ ರೈಲು. ಒಂದು ನಿಮಿಷವೂ ಸೋರಿಹೋಗದ ಕಾರ್ಯಕ್ರಮ. ಅದನ್ನು ತರಗತಿಯಲ್ಲಿ ಹಂಚಿದಾಗ ಒಸಾಕಾದ ಹುಡುಗಿ ಕುರೊಸೆ ನಕಾಶೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಏನೇ ಚಿಗುಸಾ, ಊರ ನಡುಮಧ್ಯದ ಬೀದೀನೇ ಬಿಟ್ಟಿದೀಯಲ್ಲ. ಹಳೇ ಬಾಯ್‌ಫ್ರೆಂಡ್ ಮನೆ ಇದೆಯಾ ಅಲ್ಲಿ?”

ಎಲ್ಲರೂ ನಕ್ಕರು. ಅಲ್ಲಿ ಪ್ರವಾಸಿಗರ ಗದ್ದಲ ಜಾಸ್ತಿ ಎಂದು ಹೇಳಿ ನಾನೂ ನಕ್ಕೆ. ಪ್ರೊಫೆಸರ್ ನಗಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ನಿಮ್ಮ ಮನೆಯ ಮೇಲೆಯೇ ಬೆರಳಿಟ್ಟರು.

“ಈ ಉಪ್ಪಿನಕಾಯಿಯವರ ಮನೆ ಯಾಕಿಲ್ಲ? ಅದರ ತೊಲೆ ನೋಡೋಕೇ ಅಲ್ವಾ ನಾನು ನಿಮ್ಮನ್ನೆಲ್ಲ ಕಟ್ಕೊಂಡು ಹೊರಟಿರೋದು? ನಿಮಗೆ ಗೊತ್ತಿರೋರಾ?”

ಗೊತ್ತಿರುವವರು ಎಂದೆ. ಎಷ್ಟು ಗೊತ್ತು ಎಂದು ಅವರು ಕೇಳಲಿಲ್ಲ. ಒಪ್ಪಿಗೆ ಪಡೆದುಕೊಂಡು ಬನ್ನಿ ಎಂದು ಹೇಳಿ ಮುಂದಿನ ಪುಟಕ್ಕೆ ಹೋದರು. ಹೀಗೆ ಈ ಕಾಗದಕ್ಕೆ ಕುಳಿತಿದ್ದೇನೆ. ಒಪ್ಪಿಗೆ ಕೇಳುವ ಮೊದಲು, ನಿಮ್ಮ ಹೊಸ್ತಿಲು ದಾಟುವ ಯೋಗ್ಯತೆ ನನಗಿದೆಯೇ ಎಂಬುದನ್ನು ನೀನು ತೀರ್ಮಾನಿಸಬೇಕು. ಅದಕ್ಕೆ ಬೇಕಾದ ಸಂಗತಿಗಳೆಲ್ಲ ನಿನ್ನ ಬಳಿ ಇಲ್ಲ. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ; ನನ್ನ ಕೈಬರಹದಲ್ಲಿ ಅದು ಒಮ್ಮೆಯಾದರೂ ಇರಬೇಕು.

ನಗೋಯಾದ ಆ ವಿಶ್ವವಿದ್ಯಾಲಯ ಪ್ರತಿವರ್ಷ ನಮ್ಮ ಶಾಲೆಗೆ ಒಂದೇ ಒಂದು ಸೀಟು ಬಿಟ್ಟುಕೊಡುತ್ತಿತ್ತು. ಬರವಣಿಗೆಯ ಪ್ರವೇಶಪರೀಕ್ಷೆ ಇಲ್ಲ. ಶಾಲೆ ಯಾರ ಹೆಸರು ಹೇಳಿದರೆ ಅವರಿಗೆ. ನಮ್ಮ ವರ್ಷ ಅದು ನಿನ್ನದೆಂದು ಇಡೀ ತರಗತಿಗೆ ಗೊತ್ತಿತ್ತು. ನಿಮ್ಮಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಪರೀಕ್ಷೆಗೆ ಕೂತು, ಸೋತು, ಇನ್ನೊಂದು ವರ್ಷ ಓದಿ ಮತ್ತೆ ಕೂರುವ ಅವಕಾಶ ನಿನಗಿರಲಿಲ್ಲ. ನಾನಾದರೋ ಕ್ಯೋತೊದ ಪರೀಕ್ಷೆ ಬರೆಯುವವಳೆಂದು ಮೂರು ವರ್ಷ ಎಲ್ಲರೆದುರು ಸಾರಿಕೊಂಡು ಬಂದಿದ್ದೆ.

ಸೆಪ್ಟೆಂಬರಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನನಗೆ ಕ್ಯೋತೊದ ಎದುರು ‘ಡಿ’ ಬಂದಿತ್ತು. ಐದು ದರ್ಜೆಗಳಲ್ಲಿ ಕೊನೆಯಿಂದ ಎರಡನೆಯದು. ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ; ಆ ಹಾಳೆಯನ್ನು ಅಮ್ಮನಿಗೂ ತೋರಿಸಲಿಲ್ಲ. ಜೀವನದಲ್ಲಿ ಮೊದಲ ಸಲ ಹೆದರಿದೆ, ಮತ್ತು ಹೆದರಿಕೆಯನ್ನು ಹೇಗೆ ಹೊತ್ತುಕೊಳ್ಳಬೇಕೆಂಬ ಅಭ್ಯಾಸ ನನಗಿರಲಿಲ್ಲ. ಅರ್ಜಿ ಹಾಕುವ ಕೊನೆಯ ದಿನ ಸಂಜೆ ನಾಲ್ಕೂವರೆಗೆ ನಮ್ಮ ತರಗತಿಯ ಉಶಿಮಾರು ಮೇಷ್ಟ್ರ ಬಳಿ ಹೋಗಿ ನನ್ನ ಹೆಸರು ಕೊಟ್ಟೆ. ಸರಾಸರಿಯಲ್ಲಿ ನಾನು ನಿನಗಿಂತ ಎರಡು ದಶಾಂಶದಷ್ಟು ಮೇಲಿದ್ದೆ. ಅಷ್ಟೇ ಸಾಕಾಯಿತು.

ಮರುದಿನ ಶಾಲೆಯ ಬಾಗಿಲಲ್ಲಿ, ಪಾದರಕ್ಷೆಯ ಗೂಡುಗಳ ಮುಂದೆ, ನೀನು ನನ್ನನ್ನು ನಿಲ್ಲಿಸಿದೆ. “ನೀನು ಹಾಕಿದೀಯಾ? ಹಾಗಾದ್ರೆ ಬಿಡು, ಮುಗೀತು. ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ? ಸೋತೋಳು ನಾನಲ್ವಾ?” ಎಂದು ಕೇಳಿ ನನ್ನ ಚೀಲದ ಪಟ್ಟಿ ಸರಿಮಾಡಿದೆ. ನಾನು ಕ್ಷಮಿಸು ಎನ್ನಲಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ಆಯಿತಲ್ಲ ಎಂದೆ. ಆ ವಾಕ್ಯ ವ್ಯಾಕರಣಶುದ್ಧವಾಗಿತ್ತು, ಸತ್ಯವೂ ಆಗಿತ್ತು. ನಾನು ಆಡಿದ ಮಾತುಗಳಲ್ಲಿ ಅದಕ್ಕಿಂತ ಹೇಸಿಗೆಯ ಮಾತು ಇನ್ನೊಂದಿಲ್ಲ.

ಇಲ್ಲಿಯವರೆಗಿನದು ನಿನಗೆ ಗೊತ್ತು. ಮುಂದಿನದು ಗೊತ್ತಿಲ್ಲ.

ಆ ಸೀಟಿಗೊಂದು ಕಟ್ಟುಪಾಡಿದೆ: ಪಡೆದವರು ನಡುವೆ ಬಿಡಬಾರದು. ಶಾಲೆ ತನ್ನ ಮಾತನ್ನು ಅಡವಿಟ್ಟು ಹುಡುಗಿಯನ್ನು ಕಳುಹಿಸಿರುತ್ತದೆ. ಅವಳು ಬಿಟ್ಟುಹೋದರೆ ಮುರಿಯುವುದು ಶಾಲೆಯ ಮಾತು. ಹೆಸರು ಕೊಟ್ಟ ದಿನವೇ ಮೇಷ್ಟ್ರು ನನಗಿದನ್ನು ಬಿಡಿಸಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಆದರೂ ನಗೋಯಾದಲ್ಲಿ ಒಂದು ವರ್ಷ ಮುಖವಾಡ ಹಾಕಿಕೊಂಡು ಓದಿದೆ. ಒಂದು ಕಡೆ ಸೇರಿಕೊಂಡು ಗುಟ್ಟಾಗಿ ಇನ್ನೊಂದು ಕಡೆಯ ಪರೀಕ್ಷೆಗೆ ತಯಾರಾಗುವವರನ್ನು ಮುಖವಾಡದವರು ಎಂದೇ ಕರೆಯುತ್ತಾರಲ್ಲ. ಬೆಚ್ಚಗಿನ ಜಾಗದಲ್ಲಿ ಕುಳಿತಿದ್ದರಿಂದ ಹೆದರಿಕೆ ಹೋಗಿತ್ತು, ಕ್ಯೋತೊದಲ್ಲಿ ಪಾಸಾದೆ. ನಿನಗೆ ಮಾತ್ರ ಕ್ಯೋತೊಗೆ ವರ್ಗಾವಣೆ ಸಿಕ್ಕಿತು ಎಂದು ಬರೆದೆ. ಅಂತೂ ನಿನ್ನ ಕ್ಯೋತೊ ನಿನಗೆ ಸಿಕ್ತಲ್ಲ ಎಂದು ನೀನು ಮರುಟಪಾಲಿನಲ್ಲೇ ಸಂತೋಷಪಟ್ಟೆ.

ಆ ಬೇಸಿಗೆಯಲ್ಲಿ, ಸೀಟು ಬಿಟ್ಟುಕೊಡುವವರ ಹೆಸರುಗಳಿದ್ದು ಶಾಲೆಗೆ ಬಂದ ಪಟ್ಟಿಯಲ್ಲಿ ನಗೋಯಾದ ಆ ವಿಶ್ವವಿದ್ಯಾಲಯದ ಹೆಸರಿರಲಿಲ್ಲ. ಊರಲ್ಲಿ ಮಕ್ಕಳು ಕಡಿಮೆಯಾದರು, ಅದಕ್ಕೇ ಸೀಟು ತೆಗೆದರಂತೆ ಎಂದು ನೀನು ಹೊಸವರ್ಷದ ಕಾರ್ಡಿನಲ್ಲಿ ಬರೆದಿದ್ದೆ. ವಾಕನಾ, ಅದು ಕಾರಣವಲ್ಲ. ಕಾರಣ ನಾನು.

ಉಶಿಮಾರು ಮೇಷ್ಟ್ರು ಒಂದೇ ಸಲ ಫೋನ್ ಮಾಡಿದ್ದರು. “ನಾನೂ ಉಪಪ್ರಾಂಶುಪಾಲರೂ ನಗೋಯಾಗೆ ಹೋಗಿ ತಲೆ ಬಗ್ಗಿಸಿ ಬಂದ್ವಿ. ಸಿಹಿ ಡಬ್ಬಿ ಒಯ್ದಿದ್ವಿ, ಇಟ್ಟ ಕಡೇನೇ ಇತ್ತು. ಅದು ನನ್ನ ಕೆಲಸ ಬಿಡು. ಇಲ್ಲಿ ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ನೀನು ಚೆನ್ನಾಗಿ ಓದು” ಎಂದರು. ಬೈದಿದ್ದರೆ ವಾದಿಸುತ್ತಿದ್ದೆ, ವಾದದಲ್ಲಿ ನಾನು ಸೋತವಳಲ್ಲ. ಅವರು ಬೈಯಲಿಲ್ಲ. ಫೋನ್ ಇಡುವ ಮೊದಲು ಕ್ಯೋತೊದಲ್ಲಿ ಸೆಕೆಯೇ ಎಂದು ವಿಚಾರಿಸಿದರು.

ಪಟ್ಟಿಯಿಂದ ಹೆಸರು ಹೋದ ಆ ವರ್ಷ ಶಾಲೆಯ ಕೊನೆಯ ತರಗತಿಯಲ್ಲಿದ್ದವಳು ನಿನ್ನ ತಂಗಿ ಮಿಹೊ. ನಿನಗೆ ತಪ್ಪಿದ್ದು ಅವಳಿಗಾದರೂ ದಕ್ಕಲಿ ಎಂದೇ ನೀನು ನಸುಕಿನಲ್ಲಿ ಎದ್ದು ಸಂತೆಯ ಚಪ್ಪರ ಹಾಕುತ್ತಿದ್ದೆ. ನೀನು ಹಾಗೆಂದು ಬರೆದಿರಲಿಲ್ಲ. ಬರೆಯದಿದ್ದರೂ ನನಗೆ ಗೊತ್ತಿತ್ತು.

ಹೋದ ಮಂಗಳವಾರ ತಂಡಕ್ಕೆ ಕೋಣೆ ಕಾಯ್ದಿರಿಸಲು ಹೊಳೆಯ ಬಳಿಯ ವಸತಿಗೃಹಕ್ಕೆ ಫೋನ್ ಮಾಡಿದೆ. ನನ್ನ ಹೆಸರು ಹೇಳುವ ಮೊದಲೇ ಆ ಕಡೆಯಿಂದ “ಚಿಗುಸಾ ಅಕ್ಕ ಅಲ್ವಾ?” ಎಂದು ಮಿಹೊಳ ದನಿ ಕೇಳಿಸಿತು. ಅವಳು ಅಲ್ಲಿ ಸ್ವಾಗತದ ಮೇಜಿನಲ್ಲಿರುವುದನ್ನು ನೀನು ಆಗಸ್ಟಿನ ಕಾಗದದಲ್ಲಿ ತಿಳಿಸಿದ್ದೆಯಂತೆ. ನಾನು ಆ ಕಾಗದವನ್ನು ಅರ್ಧಕ್ಕೇ ಮಡಚಿಟ್ಟಿದ್ದೆ. ಪ್ರೊಫೆಸರಿಗೆ ಹೊಳೆ ಕಾಣುವ ಕೋಣೆ ಕೊಡುತ್ತೇನೆ, ನಿಮಗೂ ಪಕ್ಕದ್ದೇ ಕೊಡುತ್ತೇನೆ, ಮಿಕ್ಕವರಿಗೆ ಹೇಳಬೇಡಿ ಎಂದು ಪಿಸುಗುಟ್ಟಿದಳು. ಕೆಲಸ ಹೇಗಿದೆ ಎಂದು ಕೇಳಿದೆ.

“ನನ್ನ ವರ್ಷಕ್ಕೇ ಆ ಸೀಟು ನಿಂತುಹೋಯ್ತಲ್ಲ, ನನ್ನ ಗ್ರಹಚಾರ. ಇಲ್ಲೂ ಏನು ಕಮ್ಮಿ ಇಲ್ಲ ಬಿಡಿ ಅಕ್ಕ. ಇಂಗ್ಲಿಷ್ ಮಾತಾಡಿ ಮಾತಾಡಿ ನಾಲಿಗೆ ತಿರುಗಿದೆ. ಮೊನ್ನೆ ಒಬ್ಬ ಫ್ರೆಂಚ್ ತಾತ ಎಲ್ಲರೂ ಇಳಿಯೋ ಬಿಸಿನೀರಿನ ತೊಟ್ಟೀಲಿ ಸೋಪು ಕರಗಿಸಿಬಿಟ್ಟ. ಇಡೀ ದಿನ ನೊರೆ ಬಾಚಿದ್ದೇ ಬಾಚಿದ್ದು.”

ನಾನು ನಗಬೇಕಾದಲ್ಲಿ ನಕ್ಕೆ. ಏಳು ಜನ, ಒಂದು ರಾತ್ರಿ ಎಂದು ಖಚಿತಪಡಿಸಿದೆ. ಫೋನ್ ಇಟ್ಟ ಮೇಲೆ ಆ ಅಚ್ಚುಕಟ್ಟಾದ ಕಾರ್ಯಕ್ರಮದ ಹಾಳೆಯನ್ನು ನೋಡಿದೆ. ಅದು ಪ್ರವಾಸಿಗರ ಗದ್ದಲದಿಂದ ದೂರವಿರುವ ಕಾರ್ಯಕ್ರಮವಾಗಿರಲಿಲ್ಲ. ನಿನ್ನ ಮನೆ, ನಿನ್ನ ಸಂತೆ, ನಮ್ಮ ಶಾಲೆ, ಈ ಮೂರರ ಕಣ್ಣಿಗೂ ಬೀಳದೆ ನನ್ನ ಊರಿನಲ್ಲಿ ಎರಡು ದಿನ ಓಡಾಡುವ ದಾರಿಯನ್ನು ನಾನು ಹುಡುಕಿಟ್ಟಿದ್ದೆ.

ಈಗ ಬದಲಿಸಿದ್ದೇನೆ. ತಂಡದವರು ಶನಿವಾರ ಬರುತ್ತಾರೆ. ನಾನು ಶುಕ್ರವಾರ, ಏಳರ ಮಧ್ಯಾಹ್ನ, ಒಬ್ಬಳೇ ಬರುತ್ತೇನೆ. ಮೊದಲು ಶಾಲೆಗೆ ಹೋಗಿ ಉಶಿಮಾರು ಮೇಷ್ಟ್ರನ್ನು ನೋಡುತ್ತೇನೆ, ಅವರಿಗೆ ಬರೆದಾಗಿದೆ. ಆಮೇಲೆ ನಿನ್ನಲ್ಲಿಗೆ ಬರಬಹುದೇ ಎಂಬುದು ನಿನಗೆ ಬಿಟ್ಟದ್ದು. ಅಂಚೆಚೀಟಿ ಹಚ್ಚಿದ ಒಂದು ಕಾರ್ಡನ್ನು ಇದರೊಳಗೆ ಇಟ್ಟಿದ್ದೇನೆ. ‘ಬಾ’ ಅಥವಾ ‘ಬೇಡ’, ಎರಡರಲ್ಲಿ ಒಂದನ್ನು ಹೊಡೆದುಹಾಕಿ ಟಪಾಲಿಗೆ ಹಾಕು. ಸೌಜನ್ಯಕ್ಕಾಗಿ ‘ಬಾ’ ಎನ್ನಬೇಡ. ಪ್ರೊಫೆಸರಿಗೆ ಮನೆ ತೋರಿಸುವ ಮಾತೇ ಬೇರೆ. ನೀನು ಬೇಡವೆಂದರೆ ನಿಜವಾದ ಕಾರಣವನ್ನೇ ಅವರಿಗೆ ಹೇಳುತ್ತೇನೆ, ರಿಪೇರಿ ನಡೆದಿದೆ ಎಂದು ಸುಳ್ಳು ಹೇಳುವುದಿಲ್ಲ. ಕ್ಷಮಿಸು ಎಂದು ನಾನು ಈ ಕಾಗದದಲ್ಲಿ ಬರೆಯುತ್ತಿಲ್ಲ. ಅದನ್ನು ನಿನ್ನ ಮುಖ ನೋಡಿಯೇ ಹೇಳಬೇಕು. ಬರೆದು ಹೇಳುವುದು ನನಗೆ ತೀರ ಸುಲಭ.

ನಿಮ್ಮಮ್ಮನ ಮೊಣಕಾಲಿಗೆ ಈ ಚಳಿಗಾಲ ಹಗುರವಾಗಿ ಕಳೆಯಲಿ. ಈ ಸಲದ ಕೆಂಪು ಗೆಡ್ಡೆಗಳು ತೊಟ್ಟಿಯಲ್ಲಿ ಚೆನ್ನಾಗಿ ಬಣ್ಣ ಬಿಡಲಿ. ನಸುಕಿನಲ್ಲಿ ಹೊಳೆದಂಡೆಗೆ ಹೋಗುವಾಗ ಕೈಗವಸು ಹಾಕಿಕೋ. ನಿನಗೆ ಮರೆಯುವ ಅಭ್ಯಾಸ. ನೀನು ಯಾವ ಪದವನ್ನು ಹೊಡೆದುಹಾಕಿದರೂ ನಿನ್ನ ಒಳಿತನ್ನೇ ಬಯಸುವ,

ಚಿಗುಸಾ

ತಾ. ಕ.: ಸಹಿ ಹಾಕಿ ಲಕೋಟೆ ಅಂಟಿಸಿದ್ದೆ. ಮತ್ತೆ ತೆರೆದಿದ್ದೇನೆ. ಮೊನ್ನೆ ಫೋನಿನಲ್ಲಿ ಮಿಹೊ ಇನ್ನೊಂದು ಮಾತು ಹೇಳಿದಳು. ಅದನ್ನು ಮೇಲೆ ಬರೆಯದೆ ಬಿಟ್ಟಿದ್ದೆ. “ನೀವು ಕೆಂಪು ಶಾಯೀಲಿ ತಿದ್ದಿ ಕಳಿಸಿದ ಹಾಳೆ ಇನ್ನೂ ಇಟ್ಕೊಂಡಿದೀನಿ ಅಕ್ಕ” ಎಂದಳು.

ನಗೋಯಾದ ಕಚೇರಿಗೆ ನಾನು ಬಿಡುವ ಪತ್ರ ಕೊಟ್ಟದ್ದು ಮಾರ್ಚ್ ಹದಿಮೂರರಂದು. ಹದಿನಾಲ್ಕರಂದು ಅವಳ ಲಕೋಟೆ ಬಂತು. ಆ ಸೀಟನ್ನು ಏಕೆ ಬಯಸುತ್ತೇನೆ ಎಂದು ಶಾಲೆಗೆ ಬರೆದುಕೊಡಬೇಕಾದ ಒಂದು ಪುಟವನ್ನು ಅವಳು ಗಡುವಿಗೆ ಆರು ತಿಂಗಳು ಮೊದಲೇ ಬರೆದು, ನಾನೊಮ್ಮೆ ನೋಡಿಕೊಡಬೇಕೆಂದು ನಿನಗೂ ಹೇಳದೆ ಕಳುಹಿಸಿದ್ದಳು. ಆ ಸೀಟು ಇನ್ನು ಉಳಿಯಲಾರದೆಂದು ನನಗೆ ತಿಳಿದಿತ್ತು. ಆದರೂ ಪೆನ್ನು ತೆಗೆದುಕೊಂಡು ಹನ್ನೊಂದು ಕಡೆ ತಿದ್ದಿದೆ. ಚೆನ್ನಾಗಿದೆ, ಖಂಡಿತ ಸಿಗುತ್ತದೆ ಎಂದು ಕೆಳಗೆ ಬರೆದೆ. ಇದನ್ನು ಅವಳಿಗೆ ನಾನೇ ಹೇಳುತ್ತೇನೆ, ಶುಕ್ರವಾರ ಅವಳ ಕೆಲಸ ಮುಗಿದ ಮೇಲೆ. ಅಲ್ಲಿಯವರೆಗೆ ನೀನು ಹೇಳಬೇಡ.

ಅವಳ ಮೊದಲನೆಯ ವಾಕ್ಯ ಹೀಗಿತ್ತು: ‘ಚಿಗುಸಾ ಅಕ್ಕ ಓದುತ್ತಿರುವ ಜಾಗದಲ್ಲಿ ನಾನೂ ಓದಬೇಕೆಂಬುದೇ ನನ್ನ ಕಾರಣ.’ ನಾನು ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಬೇರೆ ಕಾರಣ ಕೊಡು ಎಂದು ಅಂಚಿನಲ್ಲಿ ಬರೆದೆ. ಅದು ನನ್ನ ವಿನಯವೆಂದು ಅವಳು ಇಂದಿಗೂ ತಿಳಿದಿದ್ದಾಳೆ.